ವೈಟ್‌ಫೀಲ್ಡಿನ ಒಣ ಬಂದರು ಮತ್ತು ಮುಂಗಡ ರವಾನೆಯ ಕೀರ್ತಿ

ಸುಂಕದ ಸಮರ ಸಮೀಪಿಸಿದೊಡನೆ ಸರಕನ್ನು ಅವಧಿಗೆ ಮುನ್ನವೇ ಹಡಗಿಗೇರಿಸುವ ಪದ್ಧತಿಯು ನಮ್ಮ ವಾಣಿಜ್ಯ ವಿಶ್ಲೇಷಕರಿಂದ ದೂರದರ್ಶಿತ್ವವೆಂಬ ಬಿರುದನ್ನು ಪಡೆದಿದೆ; ಅದರಲ್ಲೊಂದು ಪಾಲು ಕೃಷ್ಣರಾಜಪುರದಾಚೆಯ ವೈಟ್‌ಫೀಲ್ಡ್ ಕಂಟೇನರ್ ಡಿಪೋವಿಗೂ ಸಂದಿದೆ. 1981ರಲ್ಲಿ ದೇಶದ ಮೊದಲ ಒಳನಾಡು ಕಂಟೇನರ್ ಡಿಪೋವನ್ನು ಪಡೆದ ಊರು ಬೆಂಗಳೂರು. ಕಸ್ಟಮ್ಸ್ ತಪಾಸಣೆ, ಸೀಲು, ಶಿಪ್ಪಿಂಗ್ ಬಿಲ್ಲುಗಳೆಲ್ಲ ಇಲ್ಲಿಯೇ ಮುಗಿದು ಪೆಟ್ಟಿಗೆಯು ರೈಲಿನಲ್ಲಿ ಚೆನ್ನೈ ಸೇರುವ ಏರ್ಪಾಡು ಶ್ಲಾಘ್ಯವೇ ಸರಿ. ಇಷ್ಟನ್ನು ಒಪ್ಪಿ ಮುಂದೆ ಸಾಗೋಣ.

ಭಾರತವು ರಷ್ಯದ ತೈಲವನ್ನು ಕೊಳ್ಳುತ್ತಿದೆಯೆಂಬ ಕಾರಣವನ್ನೊಡ್ಡಿ, ಶೇಕಡ 25ರ ಸುಂಕದ ಮೇಲೆ ಮತ್ತೊಂದು 25ನ್ನು ಹೇರಿದ ಅಮೆರಿಕದ 2025ರ ಆಗಸ್ಟ್ 6ರ ಆಜ್ಞೆಯಲ್ಲಿ ವಿನಾಯಿತಿಯ ವಾಕ್ಯವೊಂದಿತ್ತು; ವಿಶ್ಲೇಷಕರು ಅದನ್ನು ಸಾವಧಾನವಾಗಿ ಓದಿದಂತೆ ಕಾಣದು. ಅಮೆರಿಕದ ಗಡಿಯಾರದಲ್ಲಿ ಆಗಸ್ಟ್ 27 ಆರಂಭವಾಗುವುದಕ್ಕೆ, ಎಂದರೆ ನಮ್ಮ ಗಡಿಯಾರದ ಬೆಳಗ್ಗೆ 9 ಗಂಟೆ 31 ನಿಮಿಷಕ್ಕೆ ಮುನ್ನ, ಸರಕು ಹಡಗಿಗೇರಿ ಹೊರಟಿರಬೇಕೆಂಬುದು ಅದರ ಮೊದಲ ನಿಬಂಧನೆ. ಡಿಪೋವಿನ ಸೀಲಿಗೂ ರೈಲಿನ ರಸೀತಿಗೂ ಇಲ್ಲಿ ಬೆಲೆಯಿರಲಿಲ್ಲ. ಕಡಲಿನಿಂದ ಮುನ್ನೂರು ಕಿಲೋಮೀಟರಿಗೂ ಮಿಕ್ಕು ದೂರದಲ್ಲಿ ರಫ್ತಿನ ಅಪ್ಪಣೆ ಪಡೆದ ಪೆಟ್ಟಿಗೆಯು ಆ ವಾಕ್ಯದ ದೃಷ್ಟಿಯಲ್ಲಿ ಇನ್ನೂ ಕಾರ್ಖಾನೆಯ ಗೋದಾಮಿನಲ್ಲಿಯೇ ಇತ್ತು. ಸೆಪ್ಟೆಂಬರ್ 17ಕ್ಕೆ ಮುನ್ನ ಸರಕು ಅಮೆರಿಕದ ಕಸ್ಟಮ್ಸಿನಲ್ಲಿ ದಾಖಲಾಗಬೇಕೆಂಬ ಎರಡನೆಯ ನಿಬಂಧನೆಯಂತೂ ಮೊದಲನೆಯದನ್ನೇ ನುಂಗಿತ್ತು: ಎರಡು ದಿನಾಂಕಗಳ ನಡುವೆ ಇದ್ದುದು 21 ದಿನ, ಚೆನ್ನೈಯಿಂದ ನ್ಯೂಯಾರ್ಕಿಗೆ, ಅದರಲ್ಲಿಯೂ ಕೆಂಪು ಸಮುದ್ರವನ್ನು ಬಿಟ್ಟು ಆಫ್ರಿಕವನ್ನು ಬಳಸಿ ಹೋಗುತ್ತಿದ್ದ ಆ ಕಾಲದಲ್ಲಿ, ತಿಂಗಳಿಗೂ ಮಿಕ್ಕ ಯಾನ. ಆದ್ದರಿಂದ ನಿಜವಾದ ಗಡುವು ಆಗಸ್ಟಿನ ಕೊನೆಯಲ್ಲಲ್ಲ, ಆಜ್ಞೆಗೆ ಸಹಿ ಬಿದ್ದ ದಿನಗಳ ಆಸುಪಾಸಿನಲ್ಲಿಯೇ ಕಳೆದುಹೋಗಿತ್ತು. ಕೊಡುವಂತೆ ಕೈ ಚಾಚಿ ಮುಷ್ಟಿಯನ್ನು ಬಿಚ್ಚದಿರುವ ಈ ಔದಾರ್ಯವನ್ನು ಕಾಲಾವಕಾಶವೆಂದು ಬಗೆದವರ ಮುಗ್ಧತೆಗೆ ಏನೆನ್ನೋಣ!

ಅದೇ ವರ್ಷದ ಏಪ್ರಿಲ್‌ನಿಂದ ಜುಲೈವರೆಗೆ, ಹೆಚ್ಚುವರಿ ಸುಂಕ ಶೇಕಡ 10ರಲ್ಲಿ ನಿಂತಿದ್ದಾಗ, ಸಿದ್ಧ ಉಡುಪನ್ನು ಮುಂಚಿತವಾಗಿ ಕಳುಹಿಸಿದವರು ಗೆದ್ದರಲ್ಲವೇ ಎಂದು ವಿಶ್ಲೇಷಕರು ಕೇಳಿಯಾರು. ಗೆದ್ದರು, ನಿಜ. ಆದರೆ ಬಂದರಿನ ಕಂಟೇನರುಗಳನ್ನೆಣಿಸಿ ಬೇಡಿಕೆ ಬೆಳೆಯಿತೆಂದು ಬರೆಯುವವರು, ಆ ಪೆಟ್ಟಿಗೆಗಳಲ್ಲಿದ್ದುದು ಬಹುಮಟ್ಟಿಗೆ ಮುಂದಿನ ಋತುವಿನ ಉಡುಪೇ ಎಂಬುದನ್ನು ಮರೆಯುತ್ತಾರೆ. ಇಂದು ಹಡಗಿನ ಸ್ಥಳಕ್ಕೆ ನೂಕುನುಗ್ಗಲು, ನಾಳೆ ಖಾಲಿ ಹಡಗು. ಬಾಡಿಗೆಯ ಏರಿಳಿತವನ್ನು ತಾಳಿಕೊಳ್ಳುವ ಶಕ್ತಿ ದೊಡ್ಡ ಕಾರ್ಖಾನೆಗುಂಟು, ಅದರಿಂದ ಹೊಲಿಗೆಯ ಕೆಲಸ ಪಡೆಯುವ ಸಣ್ಣ ಘಟಕಕ್ಕಿಲ್ಲ.

ವೈಟ್‌ಫೀಲ್ಡ್ ಉತ್ತಮವಾದ ಕಸ್ಟಮ್ಸ್ ಅಂಗಳ, ಅದಕ್ಕಿಂತ ಹೆಚ್ಚಿನದಲ್ಲ. ಆಗಸ್ಟ್ 26ರ ರಾತ್ರಿ ಅಲ್ಲಿ ನಿಂತಿದ್ದ ಪೆಟ್ಟಿಗೆಯೂ ಅದೇ ರಾತ್ರಿ ಚೆನ್ನೈಯಿಂದ ಅಮೆರಿಕಕ್ಕೆ ಹೊರಟ ಪೆಟ್ಟಿಗೆಯೂ ತೆರಬೇಕಾಗಿದ್ದ ಹೆಚ್ಚುವರಿ ಸುಂಕ ಒಂದೇ: ಶೇಕಡ 50.