ಮಣಿಕಟ್ಟಿಗೆ ಹೊಗಳಿಕೆ, ಮುಂಗೈಗೆ ದುಡಿತ

ಭಾರತೀಯ ಹಾಕಿಯನ್ನು ಹೊಗಳುವವರು ಮೊದಲು ನೆನೆಯುವುದು ಮಣಿಕಟ್ಟನ್ನೇ. ಧ್ಯಾನ್‌ಚಂದರ ಕೋಲಿನಲ್ಲಿ ಅಯಸ್ಕಾಂತವಿದೆಯೆಂದು ಅನುಮಾನಪಟ್ಟು ಅದನ್ನು ಮುರಿದು ನೋಡಿದರಂತೆ ಎಂಬ ಕತೆ ಇನ್ನೂ ಚಾಲ್ತಿಯಲ್ಲಿದೆ. 1928, 1932, 1936ರ ಒಲಿಂಪಿಕ್ಸ್ ಚಿನ್ನಗಳನ್ನು ತಂದ ಆಟವನ್ನು ಮೋಡಿಯೆಂದು ಕರೆದುಬಿಟ್ಟರೆ ಅದನ್ನು ಕಲಿಸುವ ತೊಂದರೆ ತಪ್ಪುತ್ತದೆ. ಈ ಹೊಗಳಿಕೆಯ ಪರಂಪರೆಯ ದೊಡ್ಡ ದೋಷ ಇದೇ.

ಅಸಲಿಗೆ ಮಣಿಕಟ್ಟು ತಾನಾಗಿ ತಿರುಗುವುದೇ ಇಲ್ಲ. ಅದು ಮೇಲೆ ಕೆಳಗೆ, ಆಚೆ ಈಚೆ ಬಾಗಬಲ್ಲದು, ಅಷ್ಟೇ. ತಿರುಗುವುದು ಮುಂಗೈ: ಅಲ್ಲಿನ ಎರಡು ಎಲುಬುಗಳಲ್ಲಿ ಒಂದು ಇನ್ನೊಂದರ ಮೇಲೆ ಹೊರಳುತ್ತದೆ. ಹಾಕಿ ಕೋಲಿಗೆ ಚಪ್ಪಟೆ ಮುಖ ಒಂದೇ, ಅದೂ ಎಡಬದಿಗೆ. ಚೆಂಡನ್ನು ಬಲದಿಂದ ಎಡಕ್ಕೆ ತರುವುದು ಸಲೀಸು. ಎಡದಿಂದ ಬಲಕ್ಕೆ ಒಯ್ಯಲು ಕೋಲನ್ನೇ ಮಗುಚಬೇಕು. ಮೇಲ್ತುದಿಯನ್ನು ಹಿಡಿದ ಎಡಗೈ ಈ ಕೆಲಸ ಮಾಡುತ್ತದೆ. ಕೆಳಗಿನ ಬಲಗೈ ಸಡಿಲ ಉಂಗುರದಂತೆ ಕೋಲನ್ನು ಒಳಗೇ ತಿರುಗಲು ಬಿಡುತ್ತದೆ.

ಗಾಲ್ಫಿನವರು ಮುಂಗೈಯ ಈ ಹೊರಳನ್ನು ಬಿಡಿಸಿ ಹೇಳುವ ಧೈರ್ಯ ಮಾಡಿದರು. ಗಾಲ್ಫ್ ಆಟಗಾರ ಬೆನ್ ಹೋಗನ್ ತಮ್ಮ ಸ್ವಿಂಗಿನ ಗುಟ್ಟನ್ನು 1955ರಲ್ಲಿ 'ಲೈಫ್' ಪತ್ರಿಕೆಯಲ್ಲಿ ಬಿಚ್ಚಿಟ್ಟರು. 1957ರ 'ಫೈವ್ ಲೆಸನ್ಸ್' ಪುಸ್ತಕದಲ್ಲಿ ಚೆಂಡಿಗೆ ಏಟು ಬೀಳುವ ಹೊತ್ತಿಗೆ ಎಡ ಮುಂಗೈ ಎತ್ತ ಹೊರಳಬೇಕೆಂದು ಚಿತ್ರಸಹಿತ ತೋರಿಸಿದರು. ಗಾಲ್ಫ್ ಚೆಂಡು ಕದಲದೆ ಕಾಯುತ್ತದೆ, ಹಾಕಿ ಚೆಂಡು ಕಾಯುವುದಿಲ್ಲ ಎಂಬುದು ನಿಜ. ಅಷ್ಟಕ್ಕೇ ನಮ್ಮವರು ವಿವರಣೆಯನ್ನೇ ಬಿಡಬೇಕಿರಲಿಲ್ಲ.

ಈ ಮೋಡಿ ಹುಟ್ಟುಗುಣ ಎಂಬ ವಾದವನ್ನು ಬೆಳಗಾವಿಯ ನೆನಪು ಸಡಿಲಿಸುತ್ತದೆ. 1964ರ ಟೋಕಿಯೊ ಒಲಿಂಪಿಕ್ಸ್ ಫೈನಲ್‌ನಲ್ಲಿ ಪಾಕಿಸ್ತಾನವನ್ನು 1-0ರಿಂದ ಸೋಲಿಸಿದ ತಂಡದಲ್ಲಿ ಈ ಊರಿನ ಬಂಡು ಪಾಟೀಲರಿದ್ದರು. ಗೋಲು ಕಾಯ್ದವರು ಶಂಕರ್ ಲಕ್ಷ್ಮಣ್. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿ ದಳದ ಸೈನಿಕ. ಪಲ್ಟನ್ನಿನ ಆಟ ದಿನದಿನದ ಕವಾಯತಿನಿಂದ ಬರುವಂಥದ್ದು, ಅಲ್ಲಿ ಮೋಡಿಗೆ ಜಾಗ ಕಡಿಮೆ. ನೆಲವೂ ಮೇಷ್ಟ್ರೇ. ಬೆಳಗಾವಿಯ ಕೆಂಪು ಮಣ್ಣಿನ ಬಯಲಲ್ಲಿ ಚೆಂಡು ಕಲ್ಲಿಗೆ ತಾಗಿ ಪುಟಿಯುತ್ತದೆ. ಖಾನಾಪುರದ ಕಡೆ ಮಳೆಗಾಲದ ರಾಡಿಯಲ್ಲಿ ಉರುಳುವುದೇ ಕಷ್ಟ. ಇಂಥ ನೆಲದಲ್ಲಿ ಬಿಗಿ ಕೈಗೆ ಚೆಂಡು ಒಲಿಯದು.

1975ರಲ್ಲಿ ಕ್ವಾಲಾಲಂಪುರದ ಹುಲ್ಲಿನ ಮೇಲೆ ವಿಶ್ವಕಪ್ ಗೆದ್ದವರು ಮರುವರ್ಷ ಮಾಂಟ್ರಿಯಲ್‌ನ ಕೃತಕ ಹಾಸಿನ ಮೇಲೆ ಏಳನೇ ಸ್ಥಾನಕ್ಕಿಳಿದರು. ದೂರೆಲ್ಲ ಹಾಸಿನ ತಲೆಗೆ ಬಂತು. ಅರ್ಧ ಸರಿ: ವೇಗ, ದಮ್ಮು, ಗಟ್ಟಿ ಹೊಡೆತಗಳ ಬೆಲೆ ಏರಿತ್ತು. ಆದರೆ ಮುಂಗೈ ಹೊರಳಿಸುವ ಕಲೆ ಸತ್ತಿರಲಿಲ್ಲ. ಪರದೇಶದ ತರಬೇತುದಾರರು ಅದನ್ನು 'ಇಂಡಿಯನ್ ಡ್ರಿಬಲ್' ಎಂಬ ಹೆಸರಿನಲ್ಲೇ ಮಕ್ಕಳಿಗೆ ಕಲಿಸುತ್ತಾರೆ, ಎಡಗೈ ಏನು, ಬಲಗೈ ಏನು ಎಂದು ಬಿಡಿಬಿಡಿಯಾಗಿ. ನಾವು ಪ್ರತಿಭೆ ಅಂದದ್ದನ್ನು ಅವರು ಪಾಠ ಮಾಡಿಕೊಂಡರು!

ಗೋಲು ಹೊಡೆಯುವಲ್ಲೂ ಕೈಗೆ ಕೆಲಸವಿದೆ. ಪೆನಾಲ್ಟಿ ಕಾರ್ನರಿನಲ್ಲಿ ಮೊದಲ ಹೊಡೆತ ಗೋಲುಗೆರೆ ದಾಟುವಾಗ 460 ಮಿಲಿಮೀಟರ್ ಎತ್ತರ ಮೀರುವಂತಿಲ್ಲ, ಫ್ಲಿಕ್‌ಗೆ ಆ ಕಟ್ಟಿಲ್ಲ. ಹಾಗಾಗಿ ಕೊಡಗಿನ ವಿ. ಆರ್. ರಘುನಾಥ್‌ರಂಥವರ ಡ್ರ್ಯಾಗ್‌ಫ್ಲಿಕ್‌ಗೆ ಅಷ್ಟು ಬೆಲೆ. ಮೈ ಬಗ್ಗಿಸಿ ಚೆಂಡನ್ನು ಎಳೆದು ತರುವುದು ಕಾಲು, ಸೊಂಟ. ಕಡೆಯ ಕ್ಷಣದಲ್ಲಿ ಅದನ್ನು ಚಿಮ್ಮಿಸುವುದು ಕೈ. ಬೆಳಗಾವಿ, ಖಾನಾಪುರದ ಶಾಲೆಗಳಲ್ಲಿ ಮಕ್ಕಳ ಕೈಗೆ ಕೋಲು ಕೊಡುವವರು ಧ್ಯಾನ್‌ಚಂದರ ಕತೆಗಿಂತ ಮುಂಚೆ ಎಡಗೈ ಒಂದರಿಂದಲೇ ಕೋಲು ಮಗುಚುವ ಅಭ್ಯಾಸ ಮಾಡಿಸಲಿ. ಮೊದಮೊದಲು ಮುಂಗೈ ನೋಯುತ್ತದೆ. ಕೆಲಸ ಮಾಡುವ ಜಾಗ ಯಾವುದೆಂದು ಆಗ ತಾನೇ ತಿಳಿಯುತ್ತದೆ.