ತೇಜಸ್ವಿಯ ದಾರಿ, ಹಿಂದೆ ಬಂದವರ ದಾರಿ

ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿದ ಕುವೆಂಪು ಅವರ ಮಗ ಮೇಷ್ಟರ ಕೆಲಸ ಹಿಡಿಯದೆ ಮೂಡಿಗೆರೆಗೆ ಬಂದು ಕಾಫಿ ಗಿಡ ನೆಟ್ಟದ್ದು ಮಲೆನಾಡಿನಲ್ಲಿ ಈಗ ದಂತಕಥೆ. ಕಥೆ ಹೇಳುವ ಹುಮ್ಮಸ್ಸಿನಲ್ಲಿ ಪೂರ್ಣಚಂದ್ರ ತೇಜಸ್ವಿ ಯಾವುದನ್ನು ಬಿಟ್ಟರು ಎಂದಷ್ಟೇ ನೆನೆಯುತ್ತೇವೆ. ಬಿಟ್ಟ ಮೇಲೆ ಅವರು ಏನನ್ನು ಹಿಡಿದರು ಎಂಬುದು ನನಗೆ ಹೆಚ್ಚು ಮುಖ್ಯ.

ಒಲ್ಲೆ ಎನ್ನುವುದು ಅವರಿಗೆ ಮನೆಯಿಂದಲೇ ಬಂದ ಗುಣ. 1966ರಲ್ಲಿ ರಾಜೇಶ್ವರಿಯವರೊಂದಿಗೆ ನಡೆದ ಅವರ ಮದುವೆಗೆ ಕುವೆಂಪು ರೂಪಿಸಿದ್ದು ಪುರೋಹಿತರಿಲ್ಲದ, ಆಡಂಬರವಿಲ್ಲದ ‘ಮಂತ್ರ ಮಾಂಗಲ್ಯ’. ಅಪ್ಪನೇ ಬಂಡಾಯಗಾರನಾಗಿದ್ದರೆ ಮಗ ಯಾರ ವಿರುದ್ಧ ನಿಲ್ಲಬೇಕು? ತೇಜಸ್ವಿ ನಿಂತದ್ದು ತಮ್ಮದೇ ಬಳಗವಾದ ನವ್ಯ ಸಾಹಿತಿಗಳ ಎದುರು. ಅವರ ‘ಸ್ವರೂಪ’ ಕಾದಂಬರಿಯಲ್ಲಿ ನವ್ಯದ ಒಂಟಿ ಮನುಷ್ಯನ ಒಳತೋಟಿ ಗಾಢವಾಗಿದೆ. 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ಅವರೇ ಆ ಮಾರ್ಗ ಸವೆದಿದೆ ಎಂದು ಸಾರಿ ಸಮಾಜವಾದಿ ಚಿಂತಕ ಲೋಹಿಯಾ, ಕುವೆಂಪು, ಶಿವರಾಮ ಕಾರಂತರ ಕಡೆಗೆ ತಿರುಗಿದರು. ನವ್ಯ ಇನ್ನೂ ಪ್ರತಿಷ್ಠೆಯಲ್ಲಿದ್ದ ಕಾಲದಲ್ಲಿ ಬರೆದ ಮಾತು ಅದು. ಆ ಘೋಷಣೆಗೆ ತೂಕ ಬಂದದ್ದು ಪುಸ್ತಕದೊಳಗೆ ಬೋಬಣ್ಣ, ತಬರರಂಥ ಸಾಮಾನ್ಯರು ಇದ್ದುದರಿಂದ. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರನಿಗೆ ತನ್ನ ಅಸ್ತಿತ್ವದ ಬಗ್ಗೆ ಚಿಂತಿಸಲು ಪುರುಸೊತ್ತಿಲ್ಲ. ಮನೆಯಲ್ಲಿ ಹೆಂಡತಿಯ ಕಾಲು ಕೊಳೆಯುತ್ತಿದೆ.

ಹೀಗೆಯೇ ಕಾಫಿ ಮಾರಾಟದ ವಿಷಯದಲ್ಲಿ ಅವರು ತೆಗೆದುಕೊಂಡ ನಿಲುವನ್ನು ಸಾಹಿತ್ಯ ವಿಮರ್ಶಕರು ಸಾಮಾನ್ಯವಾಗಿ ದಾಟಿ ಹೋಗುತ್ತಾರೆ. ಬೆಳೆಗಾರ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಿ, ಹಣ ಕಂತುಗಳಲ್ಲಿ ಬರುವುದನ್ನು ಕಾಯುತ್ತ ಕೂರಬೇಕಿದ್ದ ಕಾಲ. ಲೋಹಿಯಾ ವಿಚಾರದಲ್ಲಿ ಬೆಳೆದ ತೇಜಸ್ವಿ ಬೆಳೆಗಾರರ ಜೊತೆ ನಿಂತು ಮುಕ್ತ ಮಾರಾಟ ಬೇಕೆಂದರು. ಸಮಾಜವಾದಿಯ ಬಾಯಲ್ಲಿ ಮುಕ್ತ ಮಾರುಕಟ್ಟೆಯ ಮಾತು ಅಪಸ್ವರದಂತೆ ಕೇಳಿಸಿರಬೇಕು. ಸಿದ್ಧಾಂತದ ಹೆಸರಿಗಿಂತ ಸಣ್ಣ ಬೆಳೆಗಾರನ ಕೈಗೆ ದುಡ್ಡು ಯಾವಾಗ ಸೇರುತ್ತದೆ ಎಂಬುದು ಅವರಿಗೆ ದೊಡ್ಡದಾಗಿತ್ತು. 1990ರ ದಶಕದಲ್ಲಿ ಪೂಲ್ ವ್ಯವಸ್ಥೆ ಹಂತಹಂತವಾಗಿ ಕಳಚಿತು. ಎದುರಾಳಿಯನ್ನು ಎದುರಿಸುವುದಕ್ಕಿಂತ ಸ್ವಂತ ಪಾಳಯದ ನಂಬಿಕೆಯನ್ನು ಕೆದಕುವುದಕ್ಕೆ ಹೆಚ್ಚು ಎದೆಗಾರಿಕೆ ಬೇಕು. ಆ ಎದೆಗಾರಿಕೆ ಅವರಲ್ಲಿತ್ತು.

‘ಕರ್ವಾಲೊ’ (1980) ಈ ಗುಣದ ಅತ್ಯುತ್ತಮ ಕಾದಂಬರಿ. ಊರವರ ಕಣ್ಣಿಗೆ ಮಂದಣ್ಣ ಜೇನು ಹುಡುಕಿಕೊಂಡು ಅಲೆಯುವ ಉಡಾಳ. ವಿಜ್ಞಾನಿ ಕರ್ವಾಲೊ ಕಣ್ಣಿಗೆ ಹುಟ್ಟು ನಿಸರ್ಗತಜ್ಞ. ಅವರೆಲ್ಲ ಹುಡುಕುವ ಹಾರುವ ಓತಿ ಕೊನೆಗೂ ಕೈಗೆ ಸಿಗದೆ ಪ್ರಪಾತದ ಕಡೆ ತೇಲಿಹೋಗುತ್ತದೆ. ಯಾರೂ ಗೆಲ್ಲದ ಈ ಬೇಟೆಯಲ್ಲಿ ತೋಟ ಮಾರಿಬಿಡಬೇಕೆಂದುಕೊಂಡಿದ್ದ ನಿರೂಪಕ ತನ್ನ ಸುತ್ತಲಿನ ಕಾಡನ್ನು ಮೊದಲ ಸಲ ನೋಡುತ್ತಾನೆ. ಗುಂಪಿನಿಂದ ದೂರ ಸರಿದವನಿಗೆ ಜಗತ್ತು ಕಿರಿದಾಗುವುದೇ ಹೆಚ್ಚು. ಇಲ್ಲಿ ಅದು ಹಿಗ್ಗುತ್ತದೆ.

ಈ ದಾರಿಯ ಕೊರತೆಯನ್ನೂ ಹೇಳಬೇಕು. ತೇಜಸ್ವಿಯವರ ಸ್ವಾತಂತ್ರ್ಯದ ಕಾಲಡಿಗೆ ಸ್ವಂತ ಜಮೀನಿತ್ತು, ಬೆನ್ನಿಗೆ ದೊಡ್ಡ ಹೆಸರಿತ್ತು. ಅವರ ಕಥೆಗಳ ಕೂಲಿಯಾಳುಗಳು ಜೀವಂತವಾಗಿದ್ದಾರೆ, ನಗಿಸುತ್ತಾರೆ, ಧಣಿಯನ್ನು ಪೇಚಿಗೂ ಸಿಲುಕಿಸುತ್ತಾರೆ; ಆದರೆ ನಾವು ಅವರನ್ನು ಬಹುಪಾಲು ತೋಟದ ಮನೆಯ ಜಗಲಿಯಿಂದಲೇ ಕಾಣುತ್ತೇವೆ. ‘ಕಿರಗೂರಿನ ಗಯ್ಯಾಳಿಗಳು’ ಊರ ಹೆಂಗಸರಿಗೆ ದನಿ ಕೊಟ್ಟಿತು. ಕೂಲಿಯಾಳುಗಳು ವಾಸಿಸುವ ಲೈನ್‌ಮನೆಯ ರಾತ್ರಿಗಳು ಮಾತ್ರ ಕತ್ತಲಲ್ಲೇ ಉಳಿದವು.

ತೇಜಸ್ವಿ 2007ರ ಏಪ್ರಿಲ್ 5ರಂದು ತೀರಿಕೊಂಡರು. ಆಮೇಲೆ ಅವರ ಗಡ್ಡ, ಸ್ಕೂಟರು, ಕ್ಯಾಮೆರಾ, ಗಾಳ ಇವೇ ಗುರುತುಗಳಾಗಿ ಟೀಶರ್ಟಿನ ಮೇಲೂ ಬಂದವು. ಊರು ಬಿಟ್ಟು ಬೆಟ್ಟ ಸೇರಿದ ಪ್ರತಿಯೊಬ್ಬರೂ ತಮ್ಮನ್ನು ತೇಜಸ್ವಿಯ ವಾರಸುದಾರರೆಂದು ಭಾವಿಸುತ್ತಾರೆ. ಅವರ ಪ್ರೀತಿ ನಿಜ, ಅದನ್ನು ನಾನು ಹಗುರ ಮಾಡಲಾರೆ. ಆದರೆ ತೇಜಸ್ವಿಯಂತೆ ಉಡುವವರನ್ನು, ಅವರ ಧಾಟಿಯಲ್ಲೇ ಹಕ್ಕಿ, ಏಡಿ, ಬೇಟೆಯ ಪ್ರಸಂಗ ಬರೆಯುವವರನ್ನು ಕಂಡಾಗ 1973ರ ಆ ಮುನ್ನುಡಿಯನ್ನು ಇವರು ಓದಿಯೇ ಇಲ್ಲವೇನೋ ಎನಿಸುತ್ತದೆ. ಇವತ್ತು ಚಿಕ್ಕಮಗಳೂರು, ಮೂಡಿಗೆರೆ, ಕಳಸದ ತೋಟಗಳಲ್ಲಿ ಕಾಫಿ ಹಣ್ಣು ಕೊಯ್ಯುವವರಲ್ಲಿ ಅಸ್ಸಾಮಿನಿಂದ ಬಂದವರೂ ಇದ್ದಾರೆ. ಅವರ ನಡುವೆಯೂ ಒಬ್ಬ ಮಂದಣ್ಣ ಇರಬಹುದು. ಅವನನ್ನು ಗುರುತಿಸುವ ಕಥೆಗಾಗಿ ನಾನು ಕಾಯುತ್ತಿದ್ದೇನೆ. ಅದು ತೇಜಸ್ವಿಯವರ ಶೈಲಿಯಲ್ಲಿ ಇರಬೇಕಾಗಿಲ್ಲ.