ಉಸಿರಾಡುವ ಗೋಡೆ
ಕೂಳೂರಿನ ಹಳೆಯ ಸೇತುವೆಯ ಕಮಾನುಗಳನ್ನು ಕಂಡಾಗಲೆಲ್ಲ ನನಗೆ ಪಕ್ಕೆಲುಬುಗಳ ನೆನಪಾಗುತ್ತದೆ. ಸೇತುವೆ ಅಲುಗದೆ ನಿಂತರೆ ಸಾಕು. ಎದೆಗೂಡು ಗಟ್ಟಿಯಾಗಿಯೂ ಇರಬೇಕು, ಪ್ರತಿ ಉಸಿರಿಗೂ ಹಿಗ್ಗಿ ಕುಗ್ಗಲೂ ಬೇಕು.

ಪಕ್ಕೆಲುಬಿನ ಕ್ಯಾನ್ಸರ್ ಗೆಡ್ಡೆಯನ್ನು ಶಸ್ತ್ರಚಿಕಿತ್ಸಕರು ಸುತ್ತಲಿನ ಒಳ್ಳೆಯ ಎಲುಬು, ಸ್ನಾಯುಗಳ ಸಮೇತ ತೆಗೆಯುತ್ತಾರೆ. ಉಳಿದ ಕಂಡಿ ದೊಡ್ಡದಾದರೆ ಉಸಿರೆಳೆದಾಗ ಆ ಭಾಗ ಉಬ್ಬುವ ಬದಲು ಒಳಕ್ಕೆ ಕುಸಿಯುತ್ತದೆ. ಸಾಮಾನ್ಯವಾಗಿ 5 ಸೆಂ.ಮೀ. ಮೀರಿದರೆ ಆಸರೆ ಬೇಕು.

ಆ ಆಸರೆ ಕಟ್ಟುವ ಬಗೆಗಳಲ್ಲಿ ಬೋನ್ ಸಿಮೆಂಟಿನ ಕೆಲಸವೇ ನನಗೆ ಅತ್ಯಂತ ಮೆಚ್ಚು. ಪಾಲಿಪ್ರೊಪಿಲೀನ್ ಜಾಲರಿಯ ಎರಡು ಪದರಗಳ ನಡುವೆ ಸಿಮೆಂಟು ಹರಡಿ, ರೋಗಿಯ ಎದೆಯ ಬಾಗಿಗೆ ತಕ್ಕಂತೆ ಬಗ್ಗಿಸುತ್ತಾರೆ. ಹೊಲಿಗೆಗೆಂದು ಅಂಚಿನಲ್ಲಿ ಬರಿಯ ಜಾಲರಿ ಬಿಡುತ್ತಾರೆ. ಗಟ್ಟಿಯಾಗುವಾಗ ಸಿಮೆಂಟು ವಿಪರೀತ ಕಾಯುವುದರಿಂದ ಸಾಮಾನ್ಯವಾಗಿ ದೇಹದ ಹೊರಗೇ, ಕೆಲವೇ ನಿಮಿಷಗಳಲ್ಲಿ ಆಕಾರ ಕೂಡಿಬರಬೇಕು. ಈಗ ಟೈಟಾನಿಯಂ ಪಟ್ಟಿಗಳೂ ಇವೆ.

ಈ ಆಸರೆಯ ಮೇಲೆ ಜೀವಂತ ಹೊದಿಕೆ. ಬೆನ್ನಿನ ಅಗಲವಾದ ಸ್ನಾಯುವನ್ನು ಮೇಲಿನ ಚರ್ಮದ ಸಮೇತ, ರಕ್ತನಾಳ ಕಡಿಯದಂತೆ ಬಿಡಿಸಿ ಎದೆಯತ್ತ ತಿರುಗಿಸುತ್ತಾರೆ. ಇಟಲಿಯ ಇಜಿನಿಯೊ ತಾನ್ಸಿನಿ 1906ರಲ್ಲೇ ಈ ದಾರಿ ತೋರಿದ್ದರು. ನಾಳ ತಿರುಚಿಕೊಂಡರೆ ಸ್ನಾಯು ಉಳಿಯದು. ಆದ್ದರಿಂದ ಆಪರೇಷನ್ ಮುಗಿದ ಮೇಲೂ ನರ್ಸ್‌ಗಳು ಆ ಚರ್ಮದ ಬಣ್ಣ, ಬಿಸುಪನ್ನು ರಾತ್ರಿಯಿಡೀ ಮತ್ತೆಮತ್ತೆ ನೋಡುತ್ತಾರೆ. ಅವರ ಕಣ್ಣಿನ ಪಳಗಿಕೆಯೂ ಈ ಕಲೆಗೇ ಸೇರಿದ್ದು.